ನಾಲ್ಕನೆಯ ಕರೆ, ಐದನೆಯ ಕರೆ: ರಿಚ್ಮಂಡ್ ಕ್ಲಬ್‌ನ ಆಯ್ಕೆಗಾರರನ್ನು ಅಳೆಯುವುದು ಹೇಗೆ?

ಓದುಗರ ಪ್ರಶ್ನೆಗಳಿಗೆ ಉತ್ತರ: ಕ್ರೀಡಾ ವಿಭಾಗ

ಪ್ರಶ್ನೆ: ಮಗಳ ಮನೆಗೆಂದು ಮೆಲ್ಬರ್ನ್‌ಗೆ ಹೋಗಿ ಮೂರು ತಿಂಗಳು ಇದ್ದು ಬಂದೆ. ಅಳಿಯಂದಿರು ಅಲ್ಲಿನ ಫುಟ್‌ಬಾಲ್ ನೋಡುವಾಗ ‘ಡ್ರಾಫ್ಟ್’ ಎಂಬ ಮಾತನ್ನು ಮತ್ತೆ ಮತ್ತೆ ಆಡುತ್ತಿದ್ದರು. ಇದು ನಮ್ಮ ಐಪಿಎಲ್ ಹರಾಜಿನಂಥದ್ದೇ? ಮೂವತ್ತು ದಾಟಿದ ಆಟಗಾರನನ್ನೂ ‘ಐದನೇ ಪಿಕ್’ ಎಂದೇ ಗುರುತಿಸುವುದು ಏಕೆ? (ಮೈಸೂರಿನ ಓದುಗರು)

ಉತ್ತರ: ಎರಡಕ್ಕೂ ಮೂಲದಲ್ಲೇ ವ್ಯತ್ಯಾಸವಿದೆ. ಐಪಿಎಲ್ ಹರಾಜಿನಲ್ಲಿ ಎಲ್ಲ ತಂಡಗಳ ಕೈಯಲ್ಲೂ ಹಣವಿರುತ್ತದೆ, ಯಾರು ಹೆಚ್ಚು ಕೂಗುತ್ತಾರೋ ಆಟಗಾರ ಅವರ ಪಾಲಾಗುತ್ತಾನೆ. ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್‌ನ ಡ್ರಾಫ್ಟ್‌ನಲ್ಲಿ ಹಣದ ಕೂಗಾಟವೇ ಇಲ್ಲ. ಅಲ್ಲಿ ನಡೆಯುವುದು ಸರದಿಯ ಕರೆ, ನಿಮ್ಮ ಅಳಿಯಂದಿರು ‘ಪಿಕ್’ ಎಂದದ್ದು ಇದನ್ನೇ. ಹಿಂದಿನ ಋತುವಿನಲ್ಲಿ ಕಟ್ಟಕಡೆಯ ಸ್ಥಾನ ಪಡೆದ ಕ್ಲಬ್ ಮೊದಲು ಒಂದು ಹೆಸರನ್ನು ಕರೆಯುತ್ತದೆ, ಅದಕ್ಕಿಂತ ಮೇಲಿನದು ಎರಡನೆಯದಾಗಿ, ಹೀಗೆ ಸರದಿ ಏರುತ್ತಾ ಹೋಗಿ ಪ್ರೀಮಿಯರ್‌ಶಿಪ್, ಅಂದರೆ ಲೀಗ್‌ನ ಚಾಂಪಿಯನ್ ಪಟ್ಟ, ಗೆದ್ದ ತಂಡ ಸುತ್ತಿನ ಕೊನೆಯಲ್ಲಿ ಕರೆಯುತ್ತದೆ. ಕರೆಸಿಕೊಳ್ಳುವವರಲ್ಲಿ ಹೆಚ್ಚಿನವರು ಹದಿನೆಂಟು ವರ್ಷದ ಆಸುಪಾಸಿನ ಹುಡುಗರು. ಕ್ಲಬ್ಬನ್ನು ಆರಿಸಿಕೊಳ್ಳುವ ಹಕ್ಕು ಅವರಿಗಿಲ್ಲ, ಮೊದಲ ವರ್ಷಗಳ ಸಂಬಳವೂ ಬಹುಮಟ್ಟಿಗೆ ನಿಗದಿಯಾಗಿರುತ್ತದೆ. ಪರ್ತ್‌ನಲ್ಲಿ ಹುಟ್ಟಿ ಬೆಳೆದ ಹುಡುಗ ಒಂದೇ ಸಂಜೆಯಲ್ಲಿ ಮೆಲ್ಬರ್ನ್‌ನವನಾಗಿಬಿಡಬಹುದು.

ಈ ಪದ್ಧತಿ ಆರಂಭವಾದದ್ದು 1986ರಲ್ಲಿ, ಈ ಲೀಗ್ ಇನ್ನೂ ವಿಕ್ಟೋರಿಯನ್ ಫುಟ್‌ಬಾಲ್ ಲೀಗ್ ಎಂಬ ಹೆಸರಿನಲ್ಲಿದ್ದಾಗ. ಅದಕ್ಕೂ ಮುಂಚೆ ವಿಕ್ಟೋರಿಯ ರಾಜ್ಯದ ಒಂದೊಂದು ಪ್ರದೇಶ ಒಂದೊಂದು ಕ್ಲಬ್‌ಗೆ ಮೀಸಲಾಗಿತ್ತು, ಹೊರ ರಾಜ್ಯದ ಆಟಗಾರರನ್ನು ಹಣ ಇದ್ದವರು ಕರೆತರುತ್ತಿದ್ದರು. ಸಿರಿವಂತ ಕ್ಲಬ್‌ಗಳೇ ಸದಾ ಗೆಲ್ಲುವುದನ್ನು ತಪ್ಪಿಸಿ ಬಡ ಕ್ಲಬ್‌ಗೂ ಒಂದು ದಾರಿ ಮಾಡಿಕೊಡುವುದು ಡ್ರಾಫ್ಟ್‌ನ ಉದ್ದೇಶ.

ಸರದಿಯ ಸಂಖ್ಯೆ ಆಟಗಾರನ ಬೆನ್ನು ಬಿಡದಿರಲು ಕಾರಣವೂ ಇಲ್ಲೇ ಇದೆ. ಹರಾಜಿನಲ್ಲಿ ಒಬ್ಬ ಆಟಗಾರ ಕೈತಪ್ಪಿದರೆ ‘ನಮ್ಮಲ್ಲಿ ಅಷ್ಟು ಹಣವಿರಲಿಲ್ಲ’ ಎನ್ನಬಹುದು. ಡ್ರಾಫ್ಟ್‌ನಲ್ಲಿ ಹಾಗೆ ಹೇಳಲು ಬರುವುದಿಲ್ಲ. ನಾಲ್ಕನೆಯ ಕರೆ ನಿಮ್ಮದಾಗಿದ್ದು ಐದನೆಯ ಕರೆಯಲ್ಲಿ ಹೋದ ಹುಡುಗ ಮಹಾನ್ ಆಟಗಾರನಾದರೆ, ಅವನ ಹೆಸರನ್ನು ನೀವು ಕರೆಯಬಹುದಾಗಿತ್ತು, ಕರೆಯಲಿಲ್ಲ ಎಂಬುದು ಶಾಶ್ವತವಾಗಿ ದಾಖಲೆಯಲ್ಲಿ ಉಳಿಯುತ್ತದೆ. ಆದ್ದರಿಂದಲೇ ಅಲ್ಲಿ ಕೋಚ್‌ಗಳಷ್ಟೇ ರಿಕ್ರೂಟರ್‌ಗಳೂ, ಅಂದರೆ ಊರೂರು ಅಲೆದು ಹುಡುಗರ ಆಟ ನೋಡಿ ಹೆಸರು ಸೂಚಿಸುವವರೂ, ಜನರ ಬಾಯಲ್ಲಿ ಇರುತ್ತಾರೆ. ಮುಂದಿನ ಪತ್ರ ಇದೇ ವಿಷಯವನ್ನು ಎತ್ತಿಕೊಂಡಿದೆ.

ಪ್ರಶ್ನೆ: ನಾವು ಮೆಲ್ಬರ್ನ್‌ಗೆ ಬಂದು ನೆಲೆಸಿ ಹನ್ನೆರಡು ವರ್ಷವಾಯಿತು. ಮಗ ರಿಚ್ಮಂಡ್ ತಂಡದ ಕಟ್ಟಾ ಅಭಿಮಾನಿ. ‘2004ರಲ್ಲಿ ಇದ್ದ ರಿಕ್ರೂಟರ್‌ಗಳು ಕ್ಲಬ್ಬನ್ನು ಹತ್ತು ವರ್ಷ ಹಿಂದಕ್ಕೆ ತಳ್ಳಿದರು, ಅವರ ನಂತರ ಬಂದವರು ಮೂರು ಪ್ರೀಮಿಯರ್‌ಶಿಪ್ ತಂದುಕೊಟ್ಟರು’ ಎಂದು ಅವನ ಗೆಳೆಯರ ಮನೆಯಲ್ಲಿ ಹಿರಿಯರು ಹೇಳುತ್ತಾರಂತೆ. ಈ ಹೋಲಿಕೆ ಸರಿಯೇ? ಒಬ್ಬ ರಿಕ್ರೂಟರ್‌ನ ದಾಖಲೆಯನ್ನು ಇನ್ನೊಬ್ಬರದರ ಜೊತೆ ಹೋಲಿಸುವಾಗ ಏನನ್ನು ನೋಡಬೇಕು? (ಮೆಲ್ಬರ್ನ್‌ನ ಓದುಗರು)

ಉತ್ತರ: ಆ ಹಿರಿಯರ ಮಾತಿನಲ್ಲಿ ಅರ್ಧ ನಿಜವಿದೆ. ಉಳಿದರ್ಧವನ್ನು ಬಿಡಿಸಿ ನೋಡಬೇಕಾದರೆ 2004ರ ನವೆಂಬರ್‌ಗೇ ಹೋಗಬೇಕು.

ಆ ವರ್ಷ ರಿಚ್ಮಂಡ್ ಕೇವಲ 4 ಪಂದ್ಯ ಗೆದ್ದು ಕಟ್ಟಕಡೆಯ ಸ್ಥಾನದಲ್ಲಿತ್ತು. ಹಾಥಾರ್ನ್ ಕೂಡ 4 ಪಂದ್ಯ, ವೆಸ್ಟರ್ನ್ ಬುಲ್‌ಡಾಗ್ಸ್ 5 ಪಂದ್ಯ ಗೆದ್ದಿದ್ದವು. ಅಷ್ಟು ಕಡಿಮೆ ಗೆದ್ದ ತಂಡಗಳಿಗೆ ಆಗಿನ ನಿಯಮದ ಪ್ರಕಾರ ಮೊದಲ ಸುತ್ತಿಗೂ ಮುನ್ನ ಒಂದು ಹೆಚ್ಚುವರಿ ಕರೆ ಸಿಗುತ್ತಿದ್ದುದರಿಂದ, ರಿಚ್ಮಂಡ್‌ಗೆ 1 ಮತ್ತು 4, ಹಾಥಾರ್ನ್‌ಗೆ 2 ಮತ್ತು 5, ಬುಲ್‌ಡಾಗ್ಸ್‌ಗೆ 3 ಮತ್ತು 6ನೇ ಕರೆಗಳು ಬಂದವು. ಇದರ ಮೇಲೆ ರಿಚ್ಮಂಡ್ ತನ್ನ ಎತ್ತರದ ಆಟಗಾರ ಬ್ರಾಡ್ ಓಟೆನ್ಸ್ ಅವರನ್ನು ಜೀಲಾಂಗ್‌ಗೆ ಬಿಟ್ಟುಕೊಟ್ಟು 12 ಮತ್ತು 16ನೇ ಕರೆಗಳನ್ನು ಪಡೆದುಕೊಂಡಿತ್ತು. 20ನೆಯದೂ ಅದರದ್ದೇ. ಮೊದಲ ಇಪ್ಪತ್ತರಲ್ಲಿ ಐದು ಹೆಸರು ಕರೆಯುವ ಅವಕಾಶ ಒಂದು ಕ್ಲಬ್‌ಗೆ ಸಿಗುವುದು ಅಪರೂಪ.

ರಿಚ್ಮಂಡ್ ಕರೆದ ಹೆಸರುಗಳು ಕ್ರಮವಾಗಿ ಬ್ರೆಟ್ ಡೆಲೀಡಿಯೊ, ರಿಚರ್ಡ್ ಟ್ಯಾಂಬ್ಲಿಂಗ್, ಡ್ಯಾನಿ ಮೇಯರ್, ಆಡಮ್ ಪ್ಯಾಟಿಸನ್, ಡೀನ್ ಪೋಲೊ. ಹಾಥಾರ್ನ್ 2ರಲ್ಲಿ ಜ್ಯಾರಿಡ್ ರಫ್‌ಹೆಡ್, 5ರಲ್ಲಿ ಲ್ಯಾನ್ಸ್ ಫ್ರಾಂಕ್ಲಿನ್, ವಿನಿಮಯದಿಂದ ಪಡೆದಿದ್ದ 7ರಲ್ಲಿ ಜೋರ್ಡನ್ ಲೂಯಿಸ್ ಅವರನ್ನು ಕರೆಯಿತು. ಮುಂದಿನದು ಎಲ್ಲರಿಗೂ ಗೊತ್ತಿರುವ ಸಂಗತಿ. ಫ್ರಾಂಕ್ಲಿನ್ 354 ಪಂದ್ಯಗಳಲ್ಲಿ 1066 ಗೋಲು ಹೊಡೆದರು, ರಫ್‌ಹೆಡ್ ಮತ್ತು ಲೂಯಿಸ್ ನಾಲ್ಕು ನಾಲ್ಕು ಪ್ರೀಮಿಯರ್‌ಶಿಪ್ ಗೆದ್ದರು. ರಿಚ್ಮಂಡ್‌ನ ಐವರಲ್ಲಿ ದೀರ್ಘಕಾಲ ಬಾಳಿದವರು ಡೆಲೀಡಿಯೊ ಒಬ್ಬರೇ. ಅವರು ಆ ಕ್ಲಬ್‌ಗೆ 243 ಪಂದ್ಯ ಆಡಿದರು; ತಂಡ ಸೋಲುತ್ತಲೇ ಇದ್ದ ವರ್ಷಗಳನ್ನೆಲ್ಲ ಹೆಗಲ ಮೇಲೆ ಹೊತ್ತು, 2016ರ ಕೊನೆಗೆ ಬೇರೆ ಕ್ಲಬ್‌ಗೆ ಹೋದರು. ಮರುವರ್ಷವೇ ರಿಚ್ಮಂಡ್ ಗೆದ್ದಿತು. ಈ ಆಟದ ಇತ್ತೀಚಿನ ಚರಿತ್ರೆಯಲ್ಲಿ ನನ್ನ ಮನಸ್ಸನ್ನು ಇಷ್ಟು ಕಲಕಿದ ಸಂಗತಿ ಬೇರೊಂದಿಲ್ಲ.

ಇಷ್ಟನ್ನು ನೋಡಿದರೆ ಆ ಹಿರಿಯರ ತೀರ್ಪು ಸರಿ ಎನ್ನಿಸುತ್ತದೆ. ಆದರೆ ನಾಲ್ಕನೆಯ ಮತ್ತು ಐದನೆಯ ಕರೆಗಳನ್ನು ಮಾತ್ರ ಕತ್ತರಿಸಿ ತೆಗೆದು ನೋಡಬಾರದು. ಫ್ರಾಂಕ್ಲಿನ್ ಅವರನ್ನು ಬಿಟ್ಟದ್ದು ರಿಚ್ಮಂಡ್ ಒಂದೇ ಅಲ್ಲ. ಬುಲ್‌ಡಾಗ್ಸ್ ಮೂರನೆಯ ಕರೆಯಲ್ಲಿ ರಯಾನ್ ಗ್ರಿಫೆನ್ ಅವರನ್ನು ತೆಗೆದುಕೊಂಡಿತು. ಫ್ರಾಂಕ್ಲಿನ್ ಅವರನ್ನು ಕಂಡುಹಿಡಿದ ಕೀರ್ತಿ ಹೊತ್ತ ಹಾಥಾರ್ನ್ ಕೂಡ ಎರಡನೆಯ ಕರೆಯಲ್ಲಿ ಅವರನ್ನು ಬಿಟ್ಟು ರಫ್‌ಹೆಡ್ ಅವರನ್ನು ಕರೆಯಿತು. ಐದನೆಯ ಸರದಿ ಬರುವಷ್ಟರಲ್ಲಿ ಬೇರೆ ಯಾರಾದರೂ ಅವರ ಹೆಸರನ್ನು ಕರೆದಿದ್ದರೆ ಹಾಥಾರ್ನ್‌ಗೆ ಆ ಕೀರ್ತಿಯೇ ಇರುತ್ತಿರಲಿಲ್ಲ. ಹಾಥಾರ್ನ್‌ನವರು ಚೆನ್ನಾಗಿ ಆರಿಸಿದರು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಆ ದಿನ ಮೂರೂ ಕ್ಲಬ್‌ಗಳು ಫ್ರಾಂಕ್ಲಿನ್‌ಗಿಂತ ಮುಂಚೆ ಇನ್ನೊಬ್ಬರ ಹೆಸರನ್ನು ಕರೆದವು ಎಂಬುದೂ ಅಷ್ಟೇ ನಿಜ.

ರಿಚ್ಮಂಡ್‌ನ ನಿಜವಾದ ಸೋಲು ನಾಲ್ಕನೆಯ ಕರೆಗಿಂತ 12, 16 ಮತ್ತು 20ರಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಒಂದು ಹೆಸರು ತಪ್ಪುವುದು ಎಲ್ಲರಿಗೂ ಆಗುತ್ತದೆ. ಐದರಲ್ಲಿ ನಾಲ್ಕು ತಪ್ಪಿದಾಗ ಮಾತ್ರ ನೋಡುವ ಕಣ್ಣಿನಲ್ಲೋ, ಹುಡುಗರನ್ನು ಬೆಳೆಸುವ ಕೈಯಲ್ಲೋ ಏನೋ ಕೊರತೆಯಿತ್ತು ಎನ್ನಬೇಕಾಗುತ್ತದೆ. ಮರುವರ್ಷ 8ನೇ ಕರೆಯಲ್ಲಿ ಬಂದ ಜ್ಯಾರಡ್ ಓಕ್ಲಿ-ನಿಕೋಲ್ಸ್ ಇಪ್ಪತ್ತು ಪಂದ್ಯವನ್ನೂ ಮುಟ್ಟಲಿಲ್ಲ. ಅವರ ನಂತರ 12ರಲ್ಲಿ ನೇಥನ್ ಜೋನ್ಸ್, 13ರಲ್ಲಿ ಶ್ಯಾನನ್ ಹರ್ನ್, 14ರಲ್ಲಿ ಗ್ರ್ಯಾಂಟ್ ಬರ್ಚಲ್ ಇನ್ನೂ ಉಳಿದಿದ್ದರು. ಇತ್ತ ಜೀಲಾಂಗ್ ಸೇರಿದ ಓಟೆನ್ಸ್ 2007, 2009 ಮತ್ತು 2011ರ ಮೂರೂ ಪ್ರೀಮಿಯರ್‌ಶಿಪ್ ತಂಡಗಳಲ್ಲಿ ಆಡಿದರು. ಡ್ರಾಫ್ಟ್‌ನ ಲೆಕ್ಕ ಬರೆಯುವಾಗ ಈ ವಿನಿಮಯವನ್ನು ಹಲವರು ಮರೆಯುತ್ತಾರೆ. 12 ಮತ್ತು 16ನೇ ಕರೆಗಳಿಗೆ ಜೀಲಾಂಗ್ ಪಡೆದ ಬೆಲೆ, ರಿಚ್ಮಂಡ್ ಪಡೆದ ಬೆಲೆ ಎರಡನ್ನೂ ಅಕ್ಕಪಕ್ಕ ಇಟ್ಟಾಗಲೇ ಆ ವರ್ಷದ ಚಿತ್ರ ಪೂರ್ಣವಾಗುತ್ತದೆ.

ಇನ್ನು ಹೊಣೆ ಯಾರದು ಎಂಬ ಮಾತು. ಆಗ ರಿಚ್ಮಂಡ್‌ನ ಫುಟ್‌ಬಾಲ್ ವಿಭಾಗದ ಮುಖ್ಯಸ್ಥರಾಗಿದ್ದವರು ಗ್ರೆಗ್ ಮಿಲ್ಲರ್. ಅವರ ಹೆಸರು ಕೇಳಿದ ಕೂಡಲೇ ಹಳಬರಿಗೆ ನೆನಪಾಗುವುದು ರಿಚ್ಮಂಡ್ ಅಲ್ಲ, ನಾರ್ತ್ ಮೆಲ್ಬರ್ನ್. 1980ರ ದಶಕದ ಕೊನೆಯಲ್ಲಿ ಸಿಡ್ನಿ ಕ್ಲಬ್‌ನ ವ್ಯಾಪ್ತಿಯಲ್ಲಿದ್ದ ವೇಯ್ನ್ ಕ್ಯಾರಿ ಎಂಬ ಹುಡುಗನನ್ನು 10,000 ಡಾಲರ್ ಕೊಟ್ಟು ನಾರ್ತ್ ಮೆಲ್ಬರ್ನ್‌ಗೆ ಬಿಡಿಸಿಕೊಂಡು ಬಂದವರು ಅವರೇ. ಅದೇ ಕ್ಯಾರಿ 1996 ಮತ್ತು 1999ರಲ್ಲಿ ನಾಯಕರಾಗಿ ಪ್ರೀಮಿಯರ್‌ಶಿಪ್ ಎತ್ತಿದರು. ಅಂಥ ಕಣ್ಣುಳ್ಳವರು 2004ರಲ್ಲಿ ಏಕೆ ಎಡವಿದರು ಎಂದು ಕೇಳುವ ಮುನ್ನ, ಎರಡೂ ಒಂದೇ ಕೆಲಸವಲ್ಲ ಎಂಬುದನ್ನು ನೆನೆಯಬೇಕು. ಡ್ರಾಫ್ಟ್ ಇನ್ನೂ ಎಳೆಯದಾಗಿದ್ದ ಕಾಲದಲ್ಲಿ ಒಬ್ಬ ಚುರುಕಾದ ಮನುಷ್ಯ ಕಾರು ಹತ್ತಿ ಹೋಗಿ, ಹುಡುಗನ ಮನೆಯವರನ್ನು ಒಪ್ಪಿಸಿ, ಪ್ರತಿಸ್ಪರ್ಧಿ ಎಚ್ಚರಗೊಳ್ಳುವುದರೊಳಗೆ ಕೆಲಸ ಮುಗಿಸಿ ಬರಬಹುದಾಗಿತ್ತು. 2004ರ ಹೊತ್ತಿಗೆ ಎಲ್ಲ ಕ್ಲಬ್‌ಗಳೂ ಅದೇ ಹುಡುಗರನ್ನು ಅದೇ ಪಂದ್ಯಗಳಲ್ಲಿ ನೋಡುತ್ತಿದ್ದವು. ಅಲ್ಲಿ ಬೇಕಾದದ್ದು ಮನವೊಲಿಸುವ ಜಾಣ್ಮೆಯಲ್ಲ, ಒಂದೇ ಆಟವನ್ನು ನೋಡಿದ ಹತ್ತಾರು ಜನರ ನಡುವೆ ಬೇರೆ ತೀರ್ಮಾನಕ್ಕೆ ಬರುವ ಧೈರ್ಯ.

ಜೊತೆಗೆ ಟೆರ್ರಿ ವಾಲೇಸ್ ಆಗಷ್ಟೇ ಹೊಸ ಕೋಚ್ ಆಗಿ ಬಂದಿದ್ದರು. ಕೋಚ್‌ಗೆ ಯಾವ ಬಗೆಯ ಆಟ ಬೇಕು ಎಂಬುದನ್ನು ಪಕ್ಕಕ್ಕಿಟ್ಟು ರಿಕ್ರೂಟರ್ ಹೆಸರು ಸೂಚಿಸುವುದಿಲ್ಲ. ಕರೆಯುವ ಹೆಸರು ಒಂದು, ಅದರ ಹಿಂದಿನ ಕೈಗಳು ಹಲವು.

‘ನಂತರ ಬಂದವರು’ ಎಂಬ ಮಾತನ್ನೂ ಹೀಗೆಯೇ ಬಿಡಿಸಬೇಕು. ಫ್ರಾನ್ಸಿಸ್ ಜಾಕ್ಸನ್ ರಿಕ್ರೂಟಿಂಗ್ ಹೊಣೆ ಹೊತ್ತಿದ್ದ ವರ್ಷಗಳಿಗೆ ಜನ ಸಲ್ಲಿಸುವ ಗೌರವ ತೀರಾ ಸರಿಯಾದದ್ದು. ಆದರೆ ಗೋಡೆ ಎಬ್ಬಿಸಿದಂತೆ ಒಂದು ಕಾಲ ಮುಗಿದು ಇನ್ನೊಂದು ಕಾಲ ಶುರುವಾಗಲಿಲ್ಲ. 2006ರಲ್ಲಿ 13ನೇ ಕರೆಯಲ್ಲಿ ಜ್ಯಾಕ್ ರೀವೋಲ್ಟ್, 26ರಲ್ಲಿ ಶೇನ್ ಎಡ್ವರ್ಡ್ಸ್, 2007ರಲ್ಲಿ 2ನೇ ಕರೆಯಲ್ಲಿ ಟ್ರೆಂಟ್ ಕಾಚಿನ್, 18ರಲ್ಲಿ ಅಲೆಕ್ಸ್ ರಾನ್ಸ್ ಬಂದಾಗ ಮಿಲ್ಲರ್ ಇನ್ನೂ ಕ್ಲಬ್‌ನಲ್ಲೇ ಇದ್ದರು, ವಾಲೇಸ್ ಇನ್ನೂ ಕೋಚ್ ಆಗಿದ್ದರು. ರೀವೋಲ್ಟ್ 347 ಪಂದ್ಯಗಳಲ್ಲಿ 787 ಗೋಲು ಹೊಡೆದರು, ಎಡ್ವರ್ಡ್ಸ್ 300 ಪಂದ್ಯ ದಾಟಿದರು, ಕಾಚಿನ್ ಮೂರು ಪ್ರೀಮಿಯರ್‌ಶಿಪ್‌ಗಳ ನಾಯಕರಾದರು. 2004ರ ಸೋಲನ್ನು ಮಿಲ್ಲರ್ ಅವರ ಖಾತೆಗೆ ಬರೆದು, 2006 ಮತ್ತು 2007ರ ಗೆಲುವನ್ನು ಪೂರ್ತಿಯಾಗಿ ಇನ್ನೊಬ್ಬರ ಖಾತೆಗೆ ಬರೆಯುವುದು ನ್ಯಾಯವಲ್ಲ.

2009ರ ಡ್ರಾಫ್ಟ್ ಮಾತ್ರ ಬಾರಿ ಬಾರಿ ನೆನೆಯತಕ್ಕದ್ದು. ಮೆಲ್ಬರ್ನ್ ಕ್ಲಬ್ 1 ಮತ್ತು 2ರಲ್ಲಿ ಟಾಮ್ ಸ್ಕಲ್ಲಿ ಮತ್ತು ಜ್ಯಾಕ್ ಟ್ರೆಂಗೋವ್ ಅವರನ್ನು ಕರೆದ ಮೇಲೆ ರಿಚ್ಮಂಡ್ 3ರಲ್ಲಿ ಡಸ್ಟಿನ್ ಮಾರ್ಟಿನ್ ಅವರನ್ನು ಕರೆಯಿತು. ಗ್ರ್ಯಾಂಡ್ ಫೈನಲ್‌ನ ಶ್ರೇಷ್ಠ ಆಟಗಾರನಿಗೆ ಕೊಡುವ ನಾರ್ಮ್ ಸ್ಮಿತ್ ಪದಕವನ್ನು ಮೂರು ಬಾರಿ ಪಡೆದವರು ಅವರೊಬ್ಬರೇ. ಆದರೆ ರಿಕ್ರೂಟರ್‌ನ ದಾಖಲೆಯನ್ನು ಅಳೆಯುವಾಗ ನಾನು ಮಾರ್ಟಿನ್ ಅವರ ಹೆಸರಿಗಿಂತ ಹೆಚ್ಚು ಹೊತ್ತು ನಿಲ್ಲುವುದು ಅದೇ ವರ್ಷದ ಇನ್ನೆರಡು ಹೆಸರುಗಳ ಬಳಿ. 35ನೇ ಕರೆಯಲ್ಲಿ ಡೇವಿಡ್ ಆಸ್ಟ್‌ಬರಿ ಬಂದರು. ಮುಖ್ಯ ಡ್ರಾಫ್ಟ್‌ನಲ್ಲಿ ಯಾರೂ ಕರೆಯದೆ ಉಳಿದಿದ್ದ ಡಿಲನ್ ಗ್ರೈಮ್ಸ್, ಆನಂತರ ನಡೆಯುವ ಪ್ರಿ-ಸೀಸನ್ ಡ್ರಾಫ್ಟ್‌ನಲ್ಲಿ ಬಂದರು. ಮೂರೂ ಪ್ರೀಮಿಯರ್‌ಶಿಪ್‌ಗಳಲ್ಲಿ ರಿಚ್ಮಂಡ್‌ನ ಹಿಂಬದಿಯನ್ನು ಕಾದವರು ಈ ಇಬ್ಬರು. ಮೂರನೆಯ ಕರೆ ಕೈಯಲ್ಲಿದ್ದಾಗ ಒಳ್ಳೆಯ ಆಟಗಾರ ಸಿಗುವುದು ನಿರೀಕ್ಷಿತ. ಇತರರೆಲ್ಲ ನೋಡಿ ಬಿಟ್ಟವರಲ್ಲಿ ಅಂಥವನನ್ನು ಗುರುತಿಸುವುದು ಕಸುಬಿನ ಮಾತು.

2017ರ ಗ್ರ್ಯಾಂಡ್ ಫೈನಲ್‌ನಲ್ಲಿ ಅಡಿಲೇಡ್ ತಂಡವನ್ನು 48 ಅಂಕಗಳಿಂದ ಸೋಲಿಸಿದ 22 ಜನರ ಪಟ್ಟಿಯನ್ನು ನಿಮ್ಮ ಮಗನ ಜೊತೆ ಕುಳಿತು ಒಮ್ಮೆ ಓದಿ. ರಿಚ್ಮಂಡ್ ತಾನೇ ಮೊದಲ ಹತ್ತು ಕರೆಗಳೊಳಗೆ ಆರಿಸಿದವರು ಅದರಲ್ಲಿ ಮೂವರೇ: ಕಾಚಿನ್, ಮಾರ್ಟಿನ್, 2012ರಲ್ಲಿ 9ನೇ ಕರೆಯಲ್ಲಿ ಬಂದ ನಿಕ್ ವ್ಲಾಸ್ಟಿನ್. ಡ್ಯಾನ್ ಬಟ್ಲರ್ 67ನೇ ಕರೆ. ಕೇನ್ ಲ್ಯಾಂಬರ್ಟ್ ಮತ್ತು ಜೇಸನ್ ಕಸ್ಟಾನ್ಯ ರೂಕಿ ಡ್ರಾಫ್ಟ್‌ನಿಂದ, ಅಂದರೆ ಮುಖ್ಯ ಪಟ್ಟಿಯಲ್ಲಿ ಜಾಗವಿಲ್ಲದವರನ್ನು ತೆಗೆದುಕೊಳ್ಳುವ ಬಾಗಿಲಿನಿಂದ, ಒಳಗೆ ಬಂದವರು. 53ನೇ ಕರೆಯ ಜ್ಯಾಕ್ ಗ್ರಹಾಂ ತಮ್ಮ ಐದನೆಯ ಪಂದ್ಯವನ್ನೇ ಗ್ರ್ಯಾಂಡ್ ಫೈನಲ್ ಆಗಿ ಆಡಿ 3 ಗೋಲು ಹೊಡೆದರು. ಡಯಾನ್ ಪ್ರೆಸ್ಟಿಯ, ಜೋಶ್ ಕ್ಯಾಡಿ, ಟೋಬಿ ನ್ಯಾಂಕರ್ವಿಸ್ ಹಿಂದಿನ ವರ್ಷವಷ್ಟೇ ಬೇರೆ ಕ್ಲಬ್‌ಗಳಿಂದ ವಿನಿಮಯದಲ್ಲಿ ಬಂದಿದ್ದರು. ಅದು ರಿಕ್ರೂಟರ್‌ಗಳ ಕೆಲಸವಲ್ಲ; ತಂಡದ ಪಟ್ಟಿಯನ್ನು ನಿರ್ವಹಿಸುವ ಬ್ಲೇರ್ ಹಾರ್ಟ್ಲಿ ಅಂಥವರ ಕೆಲಸ.

ಇದೇ ಕಾಲದ ಮೊದಲ ಸುತ್ತಿನ ಆಯ್ಕೆಗಳನ್ನು ಮಾತ್ರ ತೆಗೆದು ನೋಡಿದರೆ ಚಿತ್ರ ಅಷ್ಟು ಉಜ್ವಲವಲ್ಲ. 2008ರಲ್ಲಿ 8ನೇ ಕರೆಯಲ್ಲಿ ಟೈರೋನ್ ವಿಕರಿ ಬಂದರು, 11ರಲ್ಲಿ ಕಾಲಿಂಗ್‌ವುಡ್ ಪಾಲಾದ ಸ್ಟೀಲ್ ಸೈಡ್‌ಬಾಟಮ್ ವಿಕರಿ ಅವರಿಗಿಂತ ಬಹಳ ದೀರ್ಘಕಾಲ ಬಾಳಿದರು. 2010ರ 6ನೇ ಕರೆ ರೀಸ್ ಕೊಂಕ, 2013ರ 12ನೇ ಕರೆ ಬೆನ್ ಲೆನ್ನನ್, 2014ರ 12ನೇ ಕರೆ ಕೋರಿ ಎಲ್ಲಿಸ್. ಈ ಮೂವರಲ್ಲಿ ಯಾರೂ ಪ್ರೀಮಿಯರ್‌ಶಿಪ್ ಪಂದ್ಯದಲ್ಲಿ ಆಡಲಿಲ್ಲ. 2004ರ ಆಯ್ಕೆಗಾರರನ್ನು ಮೇಲಿನ ಕರೆಗಳಿಂದ ಅಳೆದು, ನಂತರದವರನ್ನು ಕೆಳಗಿನ ಕರೆಗಳಿಂದ ಅಳೆಯುವುದು ಎರಡು ತಕ್ಕಡಿಯ ತೂಕವಾಗುತ್ತದೆ. ಒಂದೇ ತಕ್ಕಡಿಯಲ್ಲಿ ಇಟ್ಟರೂ ನಂತರದವರೇ ಭಾರವಾಗಿ ನಿಲ್ಲುತ್ತಾರೆ, ಅದು ನನ್ನ ಖಚಿತ ಅಭಿಪ್ರಾಯ. ಆದರೆ ಅವರನ್ನು ಮೇಲಕ್ಕೆತ್ತಿದ್ದು ಮಾರ್ಟಿನ್ ಒಬ್ಬರೇ ಅಲ್ಲ. ಗ್ರೈಮ್ಸ್, ಆಸ್ಟ್‌ಬರಿ, ಲ್ಯಾಂಬರ್ಟ್, ಬಟ್ಲರ್ ಅಂಥವರು.

ಪ್ರಶ್ನೆ: ನಾನು ಸಂಖ್ಯಾಶಾಸ್ತ್ರದ ವಿದ್ಯಾರ್ಥಿ. ಅಭಿಪ್ರಾಯಗಳನ್ನು ಬಿಟ್ಟು ಕೇವಲ ಅಂಕಿಗಳಿಂದ ರಿಕ್ರೂಟರ್‌ಗಳನ್ನು ಹೋಲಿಸಲು ಸಾಧ್ಯವಿಲ್ಲವೇ? (ಬೆಂಗಳೂರಿನ ಓದುಗರು)

ಉತ್ತರ: ಒಂದು ಮಟ್ಟಿಗೆ ಸಾಧ್ಯವಿದೆ, ಆ ಮಟ್ಟ ಯಾವುದು ಎಂಬುದನ್ನು ಅರಿತಿರಬೇಕು. ಲೀಗ್ 2015ರಲ್ಲಿ ಒಂದು ಬೆಲೆಪಟ್ಟಿಯನ್ನು ಜಾರಿಗೆ ತಂದಿತು. ಅದರಲ್ಲಿ ಮೊದಲ ಕರೆಗೆ 3000 ಅಂಕ, ಎರಡನೆಯದಕ್ಕೆ 2517, ಹತ್ತನೆಯದಕ್ಕೆ 1395, ಹದಿನೆಂಟನೆಯದಕ್ಕೆ 985. ಹತ್ತು ಮೆಟ್ಟಿಲು ಇಳಿಯುವಷ್ಟರಲ್ಲಿ ಬೆಲೆ ಅರ್ಧಕ್ಕಿಂತ ಕೆಳಗಿಳಿಯುತ್ತದೆ ಎಂಬುದನ್ನು ಗಮನಿಸಿ. ಆಟಗಾರರ ಮಕ್ಕಳನ್ನೂ ಕ್ಲಬ್‌ನ ಅಕಾಡೆಮಿಯ ಹುಡುಗರನ್ನೂ ತೆಗೆದುಕೊಳ್ಳಲು ಕ್ಲಬ್ ಎಷ್ಟು ತೆರಬೇಕು ಎಂದು ಲೆಕ್ಕ ಹಾಕಲು ಮಾಡಿದ ಪಟ್ಟಿ ಇದು.

ಇದನ್ನು ಹಿಂದಿನ ವರ್ಷಕ್ಕೆ ಹೊಂದಿಸುವುದು ಪೂರ್ಣ ಸರಿಯಲ್ಲದಿದ್ದರೂ, ಅಂದಾಜಿಗೆ 2004ನ್ನೇ ತೆಗೆದುಕೊಳ್ಳೋಣ. ರಿಚ್ಮಂಡ್‌ನ 1, 4, 12, 16, 20ನೇ ಕರೆಗಳ ಒಟ್ಟು ಬೆಲೆ ಆ ಪಟ್ಟಿಯಂತೆ 8281. ಹಾಥಾರ್ನ್‌ನ 2, 5, 7ನೇ ಕರೆಗಳದ್ದು 6039. ಹೆಚ್ಚು ಬಂಡವಾಳ ಇದ್ದವರು ಕಡಿಮೆ ಫಲ ಪಡೆದರು ಎಂಬುದು ಇಷ್ಟರಿಂದಲೇ ಕಾಣುತ್ತದೆ. ನೀವು ಮುಂದುವರಿಯಬಯಸಿದರೆ, ಒಂದೊಂದು ಕರೆಯಿಂದ ಬಂದ ಆಟಗಾರರು ಹಲವು ವರ್ಷಗಳಲ್ಲಿ ಸರಾಸರಿ ಎಷ್ಟು ಪಂದ್ಯ ಆಡಿದ್ದಾರೆ ಎಂಬುದನ್ನು ಮೊದಲು ಕಂಡುಕೊಂಡು, ಒಬ್ಬ ರಿಕ್ರೂಟರ್ ಆರಿಸಿದವರು ಆ ಸರಾಸರಿಗಿಂತ ಎಷ್ಟು ಹೆಚ್ಚು ಅಥವಾ ಕಡಿಮೆ ಆಡಿದರು ಎಂಬುದನ್ನು ಕೂಡಿಸಿ ನೋಡಬಹುದು.

ಆದರೆ ಅಲ್ಲಿ ಎರಡು ಕಡೆ ಎಚ್ಚರ ಬೇಕು. ದುರ್ಬಲ ತಂಡದಲ್ಲಿ ಜಾಗ ಖಾಲಿ ಇರುವುದರಿಂದ ಸಾಧಾರಣ ಆಟಗಾರನೂ ನೂರು ಪಂದ್ಯ ಆಡಿಬಿಡುತ್ತಾನೆ, ಬಲಿಷ್ಠ ತಂಡದಲ್ಲಿ ಒಳ್ಳೆಯ ಆಟಗಾರನೂ ಕಾಯಬೇಕಾಗುತ್ತದೆ. ಆದ್ದರಿಂದ ಪಂದ್ಯಗಳ ಸಂಖ್ಯೆ ಮಾತ್ರ ಯೋಗ್ಯತೆಯ ಅಳತೆಯಲ್ಲ. ಇನ್ನೊಂದು, ಸಂಖ್ಯೆಗಳು ತೀರಾ ಕಡಿಮೆ. ಒಬ್ಬ ರಿಕ್ರೂಟರ್ ಹತ್ತು ವರ್ಷ ಕೆಲಸ ಮಾಡಿದರೂ ಕೈಗೆ ಸಿಗುವುದು ಐವತ್ತೋ ಅರುವತ್ತೋ ಹೆಸರು. ಅವರಲ್ಲಿ ಇಬ್ಬರ ಮೊಣಕಾಲು ಮುರಿದರೆ ಇಡೀ ಲೆಕ್ಕವೇ ವಾಲುತ್ತದೆ. ಅದೃಷ್ಟವನ್ನೂ ಜಾಣ್ಮೆಯನ್ನೂ ಬೇರ್ಪಡಿಸಲು ಅಷ್ಟು ಹೆಸರು ಸಾಲದು ಎಂಬುದು ನಿಮ್ಮ ಶಾಸ್ತ್ರವೇ ಹೇಳುವ ಮಾತು.

ಪ್ರಶ್ನೆ: ಒಂದೇ ಕ್ಲಬ್‌ನಲ್ಲಿ ದಶಕಗಟ್ಟಲೆ ಇದ್ದ ಜೀಲಾಂಗ್‌ನ ಸ್ಟೀಫನ್ ವೆಲ್ಸ್ ಅವರಿಗಿಂತ ಉತ್ತಮ ರಿಕ್ರೂಟರ್ ಇಲ್ಲ ಎನ್ನುತ್ತಾರೆ. ನೀವು ಒಪ್ಪುತ್ತೀರಾ? (ಜೀಲಾಂಗ್‌ನ ಓದುಗರು)

ಉತ್ತರ: ಬಹುಮಟ್ಟಿಗೆ ಒಪ್ಪುತ್ತೇನೆ, ಒಪ್ಪಲು ನನ್ನ ಕಾರಣಗಳು ಬೇರೆ. 1999ರಲ್ಲಿ ಅವರು 8ನೇ ಕರೆಯಲ್ಲಿ ಜೋಯೆಲ್ ಕೋರಿ, 31ರಲ್ಲಿ ಪಾಲ್ ಚ್ಯಾಪ್ಮನ್, 38ರಲ್ಲಿ ಕ್ಯಾಮರನ್ ಲಿಂಗ್, 47ರಲ್ಲಿ ಕೋರಿ ಎನ್‌ರೈಟ್ ಅವರನ್ನು ಕರೆದರು. ದಕ್ಷಿಣ ಆಸ್ಟ್ರೇಲಿಯದ ಕಿಂಬಾ ಎಂಬ ಸಣ್ಣ ಊರಿನ ಎನ್‌ರೈಟ್ 332 ಪಂದ್ಯ ಆಡಿದರು. 2001ರಲ್ಲಿ 8ಕ್ಕೆ ಜಿಮ್ಮಿ ಬಾರ್ಟೆಲ್, 17ಕ್ಕೆ ಜೇಮ್ಸ್ ಕೆಲ್ಲಿ, 24ಕ್ಕೆ ಸ್ಟೀವ್ ಜಾನ್ಸನ್ ಬಂದರು. 2007, 2009 ಮತ್ತು 2011ರ ಗ್ರ್ಯಾಂಡ್ ಫೈನಲ್‌ಗಳಲ್ಲಿ ನಾರ್ಮ್ ಸ್ಮಿತ್ ಪದಕ ಪಡೆದವರು ಕ್ರಮವಾಗಿ ಜಾನ್ಸನ್, ಚ್ಯಾಪ್ಮನ್, ಬಾರ್ಟೆಲ್. 24, 31 ಮತ್ತು 8ನೇ ಕರೆಗಳು. 1963ರ ನಂತರ 44 ವರ್ಷ ಕಾದ ಊರಿಗೆ ಪ್ರೀಮಿಯರ್‌ಶಿಪ್ ಬಂದದ್ದು ಈ ಹುಡುಗರಿಂದ.

2006ರಲ್ಲಿ ಮೊಣಕಾಲಿನ ಗಾಯದಿಂದಾಗಿ ಹಲವರು ಹಿಂಜರಿದಿದ್ದ ಜೋಯೆಲ್ ಸೆಲ್‌ವುಡ್ ಅವರನ್ನು 7ನೇ ಕರೆಯಲ್ಲಿ ತೆಗೆದುಕೊಂಡದ್ದು ಧೈರ್ಯದ ಕೆಲಸ. ಆದರೆ ಅದೇ ವರ್ಷ ಟಾಮ್ ಹಾಕಿನ್ಸ್ 41ನೇ ಕರೆಯಲ್ಲಿ ಬಂದದ್ದನ್ನು, 2001ರಲ್ಲಿ ಕಿರಿಯ ಗ್ಯಾರಿ ಏಬ್ಲೆಟ್ 40ನೇ ಕರೆಯಲ್ಲಿ ಬಂದದ್ದನ್ನು ವೆಲ್ಸ್ ಅವರ ಕಣ್ಣಿನ ಖಾತೆಗೆ ಬರೆಯಬಾರದು. ಇಬ್ಬರ ತಂದೆಯರೂ ಜೀಲಾಂಗ್‌ಗೆ ಆಡಿದವರು. ಆಗಿನ ತಂದೆ-ಮಗ ನಿಯಮದ ಪ್ರಕಾರ ಬೇರೆ ಯಾವ ಕ್ಲಬ್ಬೂ ಅವರನ್ನು ಕರೆಯುವಂತಿರಲಿಲ್ಲ. 2007ರಿಂದ ಆ ನಿಯಮಕ್ಕೆ ಪೈಪೋಟಿಯ ಅಂಶ ಸೇರಿತು. ಹಿರಿಯ ಏಬ್ಲೆಟ್ ಅವರನ್ನು ಮಿರ್ಟಲ್‌ಫರ್ಡ್ ಎಂಬ ಹಳ್ಳಿಗಾಡಿನ ಊರಿನಿಂದ 1984ರಲ್ಲಿ ಜೀಲಾಂಗ್‌ಗೆ ಕರೆತಂದ ಬಿಲ್ ಮ್ಯಾಕ್‌ಮಾಸ್ಟರ್ ಅವರಿಗೆ ಮಗನ ಪ್ರತಿಫಲದಲ್ಲೂ ಒಂದು ಪಾಲು ಸಲ್ಲಬೇಕು ಎಂದು ನನಗನ್ನಿಸುತ್ತದೆ.

ವೆಲ್ಸ್ ಅವರ ಮೊದಲ ಸುತ್ತಿನ ಆಯ್ಕೆಗಳೆಲ್ಲ ಫಲಿಸಲಿಲ್ಲ. 2013ರ 16ನೇ ಕರೆ ಡಾರ್ಸಿ ಲ್ಯಾಂಗ್, 2014ರ 10ನೇ ಕರೆ ನಾಕಿಯ ಕಾಕಟೂ ಇಬ್ಬರೂ ಬೇರೆ ಕ್ಲಬ್‌ಗೆ ಹೋದರು. ಕಾಕಟೂ ಅವರದ್ದು ಗಾಯಗಳಿಂದ ಕುಂದಿದ ಬಾಳು. 2016ರಲ್ಲಿ, ಎಲ್ಲರೂ ಹದಿನೆಂಟರ ಹುಡುಗರನ್ನು ಹುಡುಕುವಾಗ, ಪಕ್ಕದ ಅಂಗಳದಲ್ಲೇ ಆಡುತ್ತಿದ್ದ 23 ವರ್ಷದ ಟಾಮ್ ಸ್ಟೂವರ್ಟ್ ಅವರನ್ನು 40ನೇ ಕರೆಯಲ್ಲಿ ತೆಗೆದುಕೊಂಡದ್ದು ನನಗೆ ಸೆಲ್‌ವುಡ್ ಆಯ್ಕೆಗಿಂತಲೂ ದೊಡ್ಡದಾಗಿ ಕಾಣುತ್ತದೆ. ಓಟಗಾರರಾಗಿದ್ದ ಮಾರ್ಕ್ ಬ್ಲಿಕಾವ್ಸ್ ಅವರನ್ನು 2011ರಲ್ಲಿ ರೂಕಿಯಾಗಿ ತಂದದ್ದೂ ಅದೇ ಬಗೆಯ ನೋಟ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ರಿಚ್ಮಂಡ್‌ನಲ್ಲಿ ಆಡಳಿತ, ಕೋಚ್, ಯೋಜನೆ ಎಲ್ಲವೂ ಮತ್ತೆ ಮತ್ತೆ ಬದಲಾದ ಕಾಲದಲ್ಲಿ ಜೀಲಾಂಗ್‌ನಲ್ಲಿ ಒಬ್ಬರೇ ರಿಕ್ರೂಟರ್ ಉಳಿದರು, ತಪ್ಪು ಮಾಡಲು ಮತ್ತು ತಿದ್ದಿಕೊಳ್ಳಲು ಅವರಿಗೆ ಕಾಲ ಸಿಕ್ಕಿತು. ‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂಬ ನಮ್ಮ ಗಾದೆಯನ್ನು ನಂಬಿಯೇ ಡ್ರಾಫ್ಟ್ ನಡೆಯುತ್ತದೆ. ಆದರೆ ಅದೇ ಮೊಳಕೆಯನ್ನು ಒಣಭೂಮಿಯಲ್ಲಿ ನೆಟ್ಟರೆ ಏನಾಗುತ್ತಿತ್ತು ಎಂದು ಯಾರೂ ಪರೀಕ್ಷಿಸಿ ತೋರಿಸಲಾರರು. ಎನ್‌ರೈಟ್ ಅಥವಾ ಚ್ಯಾಪ್ಮನ್ 2004ರ ರಿಚ್ಮಂಡ್‌ಗೆ ಹೋಗಿದ್ದರೆ ಇಷ್ಟೇ ಎತ್ತರಕ್ಕೆ ಬೆಳೆಯುತ್ತಿದ್ದರೇ ಎಂಬ ಪ್ರಶ್ನೆಯನ್ನು ನಿಮ್ಮ ಮುಂದೆ ಇಡುತ್ತೇನೆ. ವೆಲ್ಸ್ 2002ರಲ್ಲಿ 7ನೇ ಕರೆಯಲ್ಲಿ ಆರಿಸಿದ ಆ್ಯಂಡ್ರ್ಯೂ ಮ್ಯಾಕಿ, ಆಟದಿಂದ ನಿವೃತ್ತರಾದ ಮೇಲೆ ಅದೇ ಕ್ಲಬ್‌ನ ಆಟಗಾರರ ಆಯ್ಕೆಯ ಕೆಲಸಕ್ಕೇ ಬಂದರು. ಅಂಥ ನಿರಂತರತೆ ಇದ್ದ ಕಡೆ ಒಬ್ಬ ವ್ಯಕ್ತಿಯ ದಾಖಲೆ ಎಲ್ಲಿ ಮುಗಿಯಿತು, ಕ್ಲಬ್‌ನ ದಾಖಲೆ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯುವುದು ಕಷ್ಟ.

ಪ್ರಶ್ನೆ: ಫ್ರಾಂಕ್ಲಿನ್ ಅವರ ಸುದ್ದಿ ಬಂದಾಗಲೆಲ್ಲ ಟ್ಯಾಂಬ್ಲಿಂಗ್ ಅವರ ಹೆಸರನ್ನೂ ಎಳೆದು ತರುತ್ತಾರೆ. ಇದು ಸರಿಯೇ? (ಪರ್ತ್‌ನ ಓದುಗರು)

ಉತ್ತರ: ಸರಿಯಲ್ಲ. ರಿಚರ್ಡ್ ಟ್ಯಾಂಬ್ಲಿಂಗ್ ನಾರ್ದರ್ನ್ ಟೆರಿಟರಿಯಿಂದ ಸಾವಿರಾರು ಕಿಲೋಮೀಟರ್ ದೂರದ ಮೆಲ್ಬರ್ನ್‌ಗೆ ಹದಿಹರೆಯದಲ್ಲೇ ಬಂದ ಮೂಲನಿವಾಸಿ ಸಮುದಾಯದ ಯುವಕ. ಸೋಲುತ್ತಿದ್ದ ತಂಡದಲ್ಲಿ ನೂರಕ್ಕೂ ಹೆಚ್ಚು ಪಂದ್ಯ ಆಡಿದರು. ನಾಲ್ಕನೆಯ ಕರೆಯಲ್ಲಿ ತನ್ನ ಹೆಸರು ಬರಬೇಕೆಂದು ನಿರ್ಧರಿಸಿದವರು ಅವರಲ್ಲ. ಅವರ ನಂತರದ ಕರೆಯಲ್ಲಿ ಯಾರು ಹೋದರು ಎಂಬುದಕ್ಕೂ ಅವರು ಹೊಣೆಯಲ್ಲ. 2004ರ ಆ ದಿನದ ಹೋಲಿಕೆ ನಡೆಯಬೇಕಾದದ್ದು ಹೆಸರುಗಳನ್ನು ಕರೆದ ಮೇಜುಗಳ ನಡುವೆ. ಟ್ಯಾಂಬ್ಲಿಂಗ್ ಅವರ ಆಟದ ಬಗ್ಗೆ ಮಾತಾಡಬೇಕೆಂದರೆ, ಫ್ರಾಂಕ್ಲಿನ್ ಅವರ ಹೆಸರನ್ನು ತಾರದೆ, ಅವರು ರಿಚ್ಮಂಡ್‌ಗೆ ಆಡಿದ ಪಂದ್ಯಗಳನ್ನೇ ಮುಂದಿಟ್ಟುಕೊಂಡು ಮಾತಾಡಬೇಕು.